ಆಂಜಿನಮ್ಮನ ವಾಯಿದೆ

ಗಂಜಿಯಲ್ಲಿ ಅದ್ದಿದ ಬ್ಯಾಂಡನ್ನು ಎರಡು ಬೆರಳ ನಡುವೆ ಹಿಡಿದು ಮೇಲಿನಿಂದ ಕೆಳಕ್ಕೆ ಎಳೆಯುವಾಗ ಒಂದು ಅಗುಳು ಸಿಕ್ಕಿಕೊಂಡಿತು. ಜ್ಯೋತಿಲಕ್ಷ್ಮಿ ಅದನ್ನು ಉಗುರಿನಿಂದ ಬಿಡಿಸಿದಳು, ಬಿಸಾಡಲು ಮನಸ್ಸು ಬಾರದೆ ಬಕೆಟ್ಟಿನ ಅಂಚಿಗೆ ಅಂಟಿಸಿದಳು. ವಕೀಲರು ಕೊರಳಿಗೆ ಕಟ್ಟಿಕೊಳ್ಳುವ ಈ ಬಿಳಿ ಬಟ್ಟೆಗೆ ಈಗ ಯಾರೂ ಮನೆಯಲ್ಲಿ ಗಂಜಿ ಹಾಕುವುದಿಲ್ಲ. ಒಳಗೆ ದಪ್ಪ ಹಾಳೆ ಇಟ್ಟು ಹೊಲಿದದ್ದು ಕೋರ್ಟಿನ ಎದುರಿನ ಅಂಗಡಿಯಲ್ಲೇ ಸಿಗುತ್ತದೆ. ಅವಳಿಗೆ ಮಾತ್ರ ಅನ್ನ ಬಸಿದ ಗಂಜಿಯೇ ಆಗಬೇಕು. ಕೈಗೆ ಏನಾದರೂ ಕೆಲಸವಿದ್ದಷ್ಟು ಹೊತ್ತು ತಲೆ ಸುಮ್ಮನಿರುತ್ತದೆ ಎಂದು ಅವಳು ನಂಬಿದ್ದಳು, ತಲೆ ಸುಮ್ಮನಿದ್ದ ದಿನ ಯಾವುದು ಎಂದು ನೆನಪಾಗದಿದ್ದರೂ. ಇವತ್ತು ಕೋರ್ಟಿಗೆ ರಜೆ. ಆದರೆ ಚಿಕ್ಕಬಳ್ಳಾಪುರದಲ್ಲಿ ವಕೀಲರಿಗೆಂದೇ ಒಂದು ಕಾರ್ಯಾಗಾರ ಇತ್ತು: ಬೆಳಗ್ಗೆ ಒತ್ತಡ ನಿರ್ವಹಣೆ, ಮಧ್ಯಾಹ್ನ ವೃತ್ತಿ ನೀತಿ. ಫೋಟೊ ತೆಗೆಯುವುದರಿಂದ ಎಲ್ಲರೂ ಕರಿಕೋಟು, ಬ್ಯಾಂಡು ಹಾಕಿಕೊಂಡೇ ಬರಬೇಕೆಂದು ವಾಟ್ಸಾಪಿನಲ್ಲಿ ಬಂದಿತ್ತು. ಒತ್ತಡ ಎಂಬ ಪದದ ಮುಂದೆ ಯಾರೋ ನಗುವ ಮುಖದ ಚಿತ್ರ ಹಾಕಿದ್ದರು.

"ಸಾಕು ಬಿಡೇ, ಅದರ ಜೀವ ಹೋಗೋ ಹಂಗೆ ಹಿಂಡ್ತಾ ಇದೀಯ," ಎಂದಳು ಅಮ್ಮ ಮಂಗಮ್ಮ, ಹಿತ್ತಲ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು. "ಹಿಂಡಿದ್ದೇ ಹಿಂಡೋದು. ರಾತ್ರಿ ಎಲ್ಲ ಹೊರಳಾಡ್ತೀಯ, ಬೆಳಗ್ಗೆ ಎದ್ದು ಬಟ್ಟೆ ಮೇಲೆ ತೀರಿಸ್ಕೊಂತೀಯ."

"ನೀನು ಗೂಡು ಬೇಯಿಸ್ತಿದ್ದಾಗ ಹೊರಳಾಡ್ತಿರ್ಲಿಲ್ವಾ?"

"ನಂಗೆಲ್ಲಿತ್ತು ಪುರಸೊತ್ತು? ಮಲಗಿದ್ದೇ ಗೊತ್ತಾಗ್ತಿರ್ಲಿಲ್ಲ ತಲ್ಲಿ."

ಅಮ್ಮ ಇದೇ ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಮನೆಗಳಲ್ಲಿ ಬಿಸಿನೀರಿನ ಬಾನಿಯ ಮುಂದೆ ನಿಂತು ಮಗಳನ್ನು ಓದಿಸಿದವಳು. ಅವಳ ಬೆರಳ ತುದಿಗಳು ಈಗಲೂ ನೀರಲ್ಲಿ ನೆನೆದಂತೆ ಬಿಳಿಚಿಕೊಂಡಿವೆ. ಮಗಳು ಕರಿಕೋಟು ಹಾಕಿಕೊಂಡ ಮೊದಲ ದಿನ ಆ ಬೆರಳುಗಳಿಂದ ಕೋಟಿನ ತೋಳನ್ನು ಒಮ್ಮೆ ಸವರಿ, ಎಳೆ ಸಿಕ್ಕಿಕೊಳ್ಳಬಹುದೆಂದು ಕೂಡಲೇ ಕೈ ಹಿಂದಕ್ಕೆ ತೆಗೆದುಕೊಂಡಿದ್ದಳು. ಮದುವೆಯ ಮಾತೆತ್ತುವುದನ್ನು ಅಮ್ಮ ಬಿಟ್ಟು ಬಹಳ ಕಾಲವಾಗಿತ್ತು. ಕೇಸಿನ ಮಾತನ್ನು ಮಾತ್ರ ಬಿಟ್ಟಿರಲಿಲ್ಲ. "ಆ ದಿಬ್ಬೂರಹಳ್ಳಿ ಆಯಮ್ಮಂದು ಏನಾಯ್ತು?" ಎಂದು ಈಗಲೂ ಕೇಳಿಯಾಳೆಂದು ಜ್ಯೋತಿಲಕ್ಷ್ಮಿ ಬ್ಯಾಂಡನ್ನು ತಂತಿಯ ಮೇಲೆ ಹಾಕಿ ಒಳಗೆ ನಡೆದಳು. ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ದಿಬ್ಬೂರಹಳ್ಳಿಯ ಆಂಜಿನಮ್ಮನೇ.

"ಲಾಯರಮ್ಮ, ತಿಂಡಿ ಆಯ್ತಾ?"

"ಆಯ್ತು ಆಂಜಿನಮ್ಮ. ಏನ್ ಹೇಳಿ."

"ಏನಿಲ್ಲ. ನಮ್ಮಣ್ಣ ಸೊಪ್ಪಿನ ತೋಟದಾಗೆ ಕಲ್ಲು ನೆಡಿಸ್ತಾವ್ನೆ. ಸೈಟು ಮಾಡ್ತಾನಂತೆ. ಕೋರ್ಟಲ್ಲಿ ಕೇಸೈತೆ, ಹೆಂಗ್ ನೆಡ್ತೀಯ ಅಂದೆ. ನಕ್ಬಿಟ್ಟ. ನಿಮ್ ಲಾಯರಮ್ಮನ್ನೇ ಕೇಳೋಗು ಅಂದ. ಅದ್ಯಾಕ್ ನಕ್ನೋ ಕಾಣೆ."

ಜ್ಯೋತಿಲಕ್ಷ್ಮಿಯ ಕೈಯಲ್ಲಿದ್ದ ಗಂಜಿ ಒಣಗಿ ಬೆರಳುಗಳ ಚರ್ಮ ಬಿಗಿಯುತ್ತಿತ್ತು.

"ಇರ್ಲಿ ಬಿಡಿ, ನೆಟ್ರೆ ನೆಟ್ಕೊಳ್ಳಲಿ, ನಮ್ಮ ಲಾಯರಮ್ಮ ಕೀಳಿಸ್ತಾರೆ ಅಂತ ಅಂದೇ ಬಂದೆ. ಗುರುವಾರ ವಾಯಿದೆ ಐತಲ್ಲ, ಬರ್ತೀನಿ."

"ಹೂಂ," ಎಂದಿತು ಬಾಯಿ. "ಗುರುವಾರ."

ಗುರುವಾರ ಯಾವ ವಾಯಿದೆಯೂ ಇರಲಿಲ್ಲ. ಕೇಸೇ ಇರಲಿಲ್ಲ. ಅಪ್ಪನ ಹಿಪ್ಪುನೇರಳೆ ಸೊಪ್ಪಿನ ತೋಟದಲ್ಲಿ ತನ್ನ ಅರ್ಧ ಪಾಲನ್ನು ಕೇಳಿ, ಅಣ್ಣ ಮುನಿವೆಂಕಟಪ್ಪನ ಮೇಲೆ ಆಂಜಿನಮ್ಮ ಹಾಕಿದ್ದ ದಾವೆ ಹೋದ ಚಳಿಗಾಲದಲ್ಲೇ ಗೈರುಹಾಜರಿಗೆ ವಜಾ ಆಗಿತ್ತು. ಅದು ಮುನಿವೆಂಕಟಪ್ಪನಿಗೆ ಗೊತ್ತು, ಅವನ ವಕೀಲರಿಗೆ ಗೊತ್ತು. ಗೊತ್ತಿಲ್ಲದವಳು ಆಂಜಿನಮ್ಮ ಒಬ್ಬಳೇ. ವಜಾ ಆದ ದಿನದ ಹಿಂದಿನ ವಾರ ತುಂಬಿದ ಕೋರ್ಟಿನಲ್ಲಿ ಜ್ಯೋತಿಲಕ್ಷ್ಮಿ ಇನ್ಯಾವುದೋ ಕೇಸಿನ ತಾರೀಖೊಂದನ್ನು ತಪ್ಪಾಗಿ ಹೇಳಿದ್ದಳು. ಎದುರು ವಕೀಲರು ಜಡ್ಜಿನ ಕಡೆ ನೋಡಿ, "ಪಾಪ, ಮೇಡಂಗೆ ಮನೇಲಿ ಅಡುಗೆ ಕೆಲಸ ಜಾಸ್ತಿ ಇರ್ಬೇಕು ಸ್ವಾಮಿ," ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ತಾನೂ ನಕ್ಕದ್ದೇ ಆಮೇಲೆ ರಾತ್ರಿಗಳಲ್ಲಿ ಅವಳನ್ನು ಎಬ್ಬಿಸಿ ಕೂರಿಸುತ್ತಿತ್ತು. ಅವರ ಮಾತು ಮರೆತುಹೋದರೂ ತನ್ನ ನಗು ಕಿವಿಯಲ್ಲಿ ಉಳಿದಿತ್ತು, ಹಲ್ಲಿನ ಸಂದಿಯ ನಾರಿನ ಹಾಗೆ. ವಾರ ಕಳೆದು ಆಂಜಿನಮ್ಮನ ಕೇಸಿನ ದಿನ ಬಂದಾಗ ಜ್ಯೋತಿಲಕ್ಷ್ಮಿ ಕೋರ್ಟಿನ ತನಕ ಬಂದಳು. ಗೇಟಿನ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಯಾವುದೋ ಕಾಗದದ ನಕಲು ತೆಗೆಯಿರಿ ಎಂದು ಕೊಟ್ಟಳು. ಹಸಿರು ಬೆಳಕು ಗಾಜಿನ ಕೆಳಗೆ ಹೋಗಿ ಬಂತು. ಇನ್ನೊಂದು ಪ್ರತಿ ತೆಗೆಯಿರಿ ಎಂದಳು. ಕಾಲು ಏಳಲಿಲ್ಲ. ಎದೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದ ಹಾಗಿತ್ತು, ಅಂಗೈ ಬೆವರಿ ಕಾಗದ ಒದ್ದೆಯಾಗಿತ್ತು. ಕೋರ್ಟಿನ ಬಾಗಿಲಲ್ಲಿ ಜವಾನ ನಿಂತು ಮೂರು ಸಲ ಕೂಗಿದ್ದು ಅಲ್ಲಿಗೇ ಕೇಳಿಸಿತು: "ಆಂಜಿನಮ್ಮಾ... ಆಂಜಿನಮ್ಮಾ..." ಮೂರನೆಯ ಸಲ ಕೂಗುವಾಗ ಅವನಿಗೇ ಬೇಸರವಾಗಿ ಹೆಸರು ಅರ್ಧಕ್ಕೆ ನಿಂತಿತ್ತು. "ಇನ್ನೊಂದಾ ಮೇಡಂ?" ಎಂದ ಅಂಗಡಿಯವನು. ಅವಳು ತಲೆಯಾಡಿಸಿದಳು.

ಆಮೇಲೆ ಹೊಂಗೆ ಮರದ ಕೆಳಗೆ ಹೋದರೆ ಆಂಜಿನಮ್ಮ ಅಲ್ಲೇ ಕೂತಿದ್ದಳು, ಬೆಳಗ್ಗಿನಿಂದಲೂ. ಎದುರಿನ ಕಟ್ಟೆಯ ಮೇಲೆ ಮುನಿವೆಂಕಟಪ್ಪ ತನ್ನವರ ಜೊತೆ ಬೀಡಿ ಸೇದುತ್ತಾ ಅವಳನ್ನೇ ನೋಡುತ್ತಿದ್ದ. ಜ್ಯೋತಿಲಕ್ಷ್ಮಿಯನ್ನು ಕಂಡದ್ದೇ ಆಂಜಿನಮ್ಮ ಎದ್ದು, ಪರೀಕ್ಷೆಯಲ್ಲಿ ಪಾಸಾದವಳಂತೆ ಮುಖ ಅರಳಿಸಿ, "ಹೆಸರು ಕೂಗಿದ್ರಮ್ಮ. ಮೂರ್ ಸಲ ಕೂಗಿದ್ರು. ನೀವು ಹೇಳಿದ್ರಲ್ಲ, ನಾನು ಬರೋಗಂಟ ಬಾಯ್ ಬಿಡ್ಬೇಡಿ ಅಂತ. ನಾನು ಬಾಯೇ ಬಿಡ್ಲಿಲ್ಲ," ಎಂದಳು. ಹೌದು, ಹೇಳಿದ್ದಳು. ಅದಕ್ಕೂ ಹಿಂದೊಮ್ಮೆ ಕೋರ್ಟಿನ ಪಡಸಾಲೆಯಲ್ಲಿ ಅಣ್ಣನ ಕಡೆಯವರು ನಯವಾಗಿ ಮಾತಾಡಿಸಿದಾಗ ಆಂಜಿನಮ್ಮ, ಅಣ್ಣನೇ ಮದುವೆ ಮಾಡಿದ್ದು, ಸೀರೆ ಉಡಿಸಿದ್ದು, ಅವನದೇನೂ ತಪ್ಪಿಲ್ಲ ಎಂದೆಲ್ಲ ಹೇಳಿಬಿಟ್ಟಿದ್ದಳು. ಅವತ್ತು ಜ್ಯೋತಿಲಕ್ಷ್ಮಿ ರೇಗಿ, ನಾನು ಪಕ್ಕದಲ್ಲಿ ಇಲ್ಲದಾಗ ಯಾರು ಕರೆದರೂ, ಜಡ್ಜೇ ಕರೆದರೂ ತುಟಿ ಬಿಚ್ಚಬೇಡಿ ಎಂದು ಅಪ್ಪಣೆ ಕೊಟ್ಟಿದ್ದಳು. ಬಂದಿದ್ದೀನಿ ಸ್ವಾಮಿ ಎಂದು ಆಂಜಿನಮ್ಮ ಒಂದು ಮಾತು ಅಂದಿದ್ದರೆ ಕೇಸು ಉಳಿಯುತ್ತಿತ್ತು. ಅರಳಿದ ಆ ಮುಖದ ಎದುರು ಜ್ಯೋತಿಲಕ್ಷ್ಮಿ, "ಒಳ್ಳೇದು ಮಾಡಿದ್ರಿ," ಎಂದಳು. "ವಾಯಿದೆ ಆಯ್ತು." ಅಷ್ಟೇ. ಬಹಳ ಸಣ್ಣ ಮಾತು. ಕೋರ್ಟಿನ ಅಂಗಳದಲ್ಲಿ ದಿನಾ ಎಲ್ಲರೂ ಎಲ್ಲರಿಗೂ ಹೇಳುವ ಮಾತು. ಅದನ್ನು ಹೇಳಿದವಳು ಒಂದು ತಾರೀಖನ್ನೂ ಹೇಳಬೇಕಾಯಿತು. ಆ ತಾರೀಖು ಬಂದಾಗ ಇನ್ನೊಂದು. ಜಡ್ಜು ರಜೆ, ಎದುರು ವಕೀಲರಿಗೆ ಜ್ವರ, ಕಡತ ಸಿಕ್ಕಿಲ್ಲ.

ಪ್ರತಿ ವಾಯಿದೆಗೂ ಆಂಜಿನಮ್ಮ ಬಂದು ಅದೇ ಮರದ ಕೆಳಗೆ ಕೂರುತ್ತಾಳೆ. ಬರುವಾಗ ತನಗೆ ಬಂದ ಕಾಗದಗಳನ್ನೆಲ್ಲ ಸೆರಗಿನಲ್ಲಿ ಗಂಟು ಕಟ್ಟಿ ತರುತ್ತಾಳೆ: ಬ್ಯಾಂಕಿನದು, ವಿಧವಾ ವೇತನದ್ದು, ಯಾವುದೋ ಸಂಘದ್ದು. ಒಂದನ್ನೂ ಒಡೆದಿರುವುದಿಲ್ಲ. ಊರಲ್ಲಿ ಓದುವವರಿಲ್ಲವೆಂದಲ್ಲ; ಓದಿದವರು ಅಣ್ಣನಿಗೆ ಹೇಳಿಬಿಡುತ್ತಾರೆಂದು. "ಲಾಯರಮ್ಮನ ಕೈಯಾಗೇ ಒಡೀಬೇಕು," ಎಂದು ಕೊಡುತ್ತಾಳೆ. ಜ್ಯೋತಿಲಕ್ಷ್ಮಿ ಒಡೆದು ಓದಿ ಹೇಳುತ್ತಾಳೆ. ಹಾಗೆ ಓದಿ ಹೇಳಿದ ಒಂದು ಸಂಜೆ ಮನೆಗೆ ಬಂದು, ಅಮ್ಮ ಮಲಗಿದ ಮೇಲೆ, ಅವಳೊಂದು ಕಾಗದ ಬರೆದಿದ್ದಳು. 'ನಿಮ್ಮ ಕೇಸು ವಜಾ ಆಗಿದೆ. ಆ ದಿನ ನಾನು ಕೋರ್ಟಿಗೆ ಬರಲಿಲ್ಲ. ಆಮೇಲೆ ನಾನು ಹೇಳಿದ ವಾಯಿದೆಗಳೆಲ್ಲ ಸುಳ್ಳು. ತಪ್ಪು ನನ್ನದೇ ಎಂದು ನನ್ನ ಹೆಸರಿನಲ್ಲೇ ಪ್ರಮಾಣಪತ್ರ ಕೊಟ್ಟು ಕೇಸನ್ನು ಮತ್ತೆ ತೆಗೆಸಲು ಅರ್ಜಿ ಹಾಕುತ್ತೇನೆ. ಕೋರ್ಟು ಒಪ್ಪುತ್ತದೆಂದು ಹೇಳಲಾರೆ. ನೀವು ಬೇರೆ ವಕೀಲರನ್ನು ಇಟ್ಟುಕೊಳ್ಳಬಹುದು, ನನ್ನ ಮೇಲೆ ದೂರು ಕೊಡಬಹುದು, ಎರಡಕ್ಕೂ ನನ್ನ ಅಡ್ಡಿಯಿಲ್ಲ.' ಲಕೋಟೆಯ ಮೇಲೆ ವಿಳಾಸ ಬರೆದು ಅಂಟಿಸಿದ ಮೇಲೆ ಹೊಳೆದಿತ್ತು: ಇದು ತಲುಪಿದರೆ ಆಂಜಿನಮ್ಮ ಇದನ್ನೂ ಸೆರಗಿನಲ್ಲಿ ಕಟ್ಟಿಕೊಂಡು ತನ್ನ ಹತ್ತಿರವೇ ತರುತ್ತಾಳೆ. ಅಂದಿನಿಂದ ಲಕೋಟೆ ಅವಳ ಚೀಲದಲ್ಲೇ ಇತ್ತು. ಮೂಲೆಗಳು ಮೆತ್ತಗಾಗಿ, ಒಂದು ಕಡೆ ಅರಿಶಿನದ ಕಲೆ ಹತ್ತಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಬ್ಯಾಂಡು ಇನ್ನೂ ಪೂರ್ತಿ ಒಣಗದೆ ಕೊರಳಿಗೆ ತಣ್ಣಗೆ ತಾಗುತ್ತಿತ್ತು. ಹೊರಗೆ ಹಸಿರು ಸೊಪ್ಪಿನ ತೋಟಗಳು, ನಡುನಡುವೆ ಬಿಳಿ ಬಳಿದ ಸೈಟಿನ ಕಲ್ಲುಗಳು. ಕಲ್ಲುಗಳನ್ನು ನೋಡಬಾರದೆಂದು ಕಣ್ಣು ಮುಚ್ಚಿದರೆ ಮುನಿವೆಂಕಟಪ್ಪ ನಕ್ಕ ನಗು, ತಾನು ಕಂಡಿರದ ನಗು, ತನ್ನ ನಗುವಿನ ಧ್ವನಿಯಲ್ಲೇ ಕೇಳಿಸಿತು. ಸಭಾಂಗಣದಲ್ಲಿ ಹಿಂದಿನ ಸಾಲು ಹುಡುಕಿ ಕೂತಳು. ವೇದಿಕೆಯ ಮೇಲೆ ಬೆಂಗಳೂರಿನಿಂದ ಬಂದ ಆಪ್ತಸಲಹೆಗಾರ್ತಿ, ಅನ್ವಿತಾ ಎಂಬ ಸಣ್ಣ ವಯಸ್ಸಿನ ಹುಡುಗಿ, ಎಲ್ಲರೂ ಕಣ್ಣು ಮುಚ್ಚಿ ಉಸಿರನ್ನು ಗಮನಿಸಿ ಎಂದಳು. ಕರಿಕೋಟುಗಳೆಲ್ಲ ಕಣ್ಣು ಮುಚ್ಚಿದವು. ಸಭಾಂಗಣ ಸಾವಿನ ಮನೆಯಂತೆ ಕಂಡಿತು. ಯಾರದೋ ಗೊರಕೆ ಕೇಳಿತು, ಹುಡುಗಿ ತಾನೇ ಮೊದಲು ನಕ್ಕಳು. ಆಮೇಲೆ, ನಿಧಾನವಾಗಿ, "ಕೋರ್ಟ್ ಒಳಗೆ ಹೋಗ್ಬೇಕು, ಆದ್ರೆ ಕಾಲೇ ಏಳ್ತಿಲ್ಲ, ಅಂಥ ಅನುಭವ ಯಾರಿಗಾದ್ರೂ ಆಗಿದ್ಯಾ? ಕೈ ಎತ್ತಬಹುದು," ಎಂದಳು.

"ಸೋಮವಾರ ಯಾರಿಗೂ ಏಳಲ್ಲ ಮೇಡಂ," ಎಂದರು ಮುಂದಿನ ಸಾಲಿನವರು. ನಗು ಸಭಾಂಗಣವನ್ನೆಲ್ಲ ಸುತ್ತಿತು. ಜ್ಯೋತಿಲಕ್ಷ್ಮಿಯ ಕೈ ಅಷ್ಟರಲ್ಲಿ ಎದೆಯ ತನಕ ಬಂದಿತ್ತು. ಅಲ್ಲಿಂದ ಅದು ಬ್ಯಾಂಡು ಸರಿಮಾಡಿಕೊಂಡು ಕೆಳಗಿಳಿಯಿತು. ಹುಡುಗಿ ಕಾದಳು, ನಗು ಮುಗಿಯುವ ತನಕ. "ಅದು ಸೋಮಾರಿತನ ಅಲ್ಲ. ಕೈಲಾಗದೇ ಇರೋದೂ ಅಲ್ಲ. ಮೈ ಹೆದರಿರುತ್ತೆ. ಅದಕ್ಕೆ ಸಹಾಯ ಕೇಳಬಹುದು, ಡಾಕ್ಟರ ಹತ್ತಿರ ಹೋಗಬಹುದು. ಅದರಲ್ಲಿ ನಾಚಿಕೆ ಇಲ್ಲ," ಎಂದಳು. ಜ್ಯೋತಿಲಕ್ಷ್ಮಿಗೆ ಕಣ್ಣು ತುಂಬಿ ಬಂತು. ಯಾರೂ ನೋಡದಂತೆ ಚೀಲದೊಳಗೆ ತಲೆ ಹಾಕಿ ಕರವಸ್ತ್ರ ಹುಡುಕಿದಳು. ಮೈ ಹೆದರಿತ್ತು. ಇಷ್ಟು ಸರಳವಾದ ಮಾತನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಹೊತ್ತ ಮೂಟೆಯನ್ನು ಯಾರೋ ಅರ್ಧ ಎತ್ತಿ ಹಿಡಿದಂತಾಯಿತು. ಆದರೆ ಕರವಸ್ತ್ರ ಹುಡುಕುತ್ತಿದ್ದ ಕೈಗೆ ಲಕೋಟೆಯ ಮೆತ್ತನೆಯ ಮೂಲೆ ಸಿಕ್ಕಿತು. ಝೆರಾಕ್ಸ್ ಅಂಗಡಿಯಲ್ಲಿ ಕಾಲು ಏಳದೆ ಇದ್ದದ್ದು ಮೈಯ ಕೆಲಸವೇ ಇರಲಿ. ಆಮೇಲೆ ಹೊಂಗೆ ಮರದ ಕೆಳಗೆ 'ವಾಯಿದೆ ಆಯ್ತು' ಎಂದವರು ಯಾರು? ಆಗ ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಅಂಗೈ ಒಣಗಿತ್ತು. ಅದು ಅವಳಿಗೆ ಚೆನ್ನಾಗಿ ನೆನಪಿತ್ತು.

ಚಹಾದ ಹೊತ್ತಿನಲ್ಲಿ ದಕ್ಷಿಣಾಮೂರ್ತಿಗಳು ತಾವಾಗೇ ಹತ್ತಿರ ಬಂದರು. ಅವರ ಕೈಕೆಳಗೇ ಅವಳು ಕೆಲಸ ಕಲಿತದ್ದು. ಆಗ ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ಅವರ ಮನೆಯವರು ಕಮಲಮ್ಮ ಉಳಿದ ಜೂನಿಯರುಗಳಿಗೆ ಸ್ಟೀಲು ಲೋಟದಲ್ಲಿ ಕಾಫಿ ಕೊಟ್ಟು ಇವಳಿಗೆ ಕಾಗದದ ಲೋಟದಲ್ಲಿ ಕೊಡುತ್ತಿದ್ದರು. ಯಾರೂ ಏನೂ ಅಂದಿರಲಿಲ್ಲ. ಅವಳೂ ಕುಡಿದು, ಲೋಟವನ್ನು ಮಡಿಸಿ, ತಾನೇ ಹೊರಗೆ ಬಿಸಾಡಿ ಬರುತ್ತಿದ್ದಳು. ಇವತ್ತು ಎಲ್ಲರ ಕೈಯಲ್ಲೂ ಕಾಗದದ ಲೋಟ. ದಕ್ಷಿಣಾಮೂರ್ತಿಗಳು ಅದನ್ನು ಊದಿ ಊದಿ ಕುಡಿಯುತ್ತಾ, "ಏನಮ್ಮ, ಬಹಳ ಸೊರಗಿದೀಯ," ಎಂದರು.

"ಒಂದು ಕೇಸ್ ಸರ್, ದಿಬ್ಬೂರಹಳ್ಳಿ ಆಯಮ್ಮಂದು. ವಜಾ ಆಗಿದೆ. ಬಹಳ ದಿನ ಆಗ್ಹೋಯ್ತು."

"ಯಾರ ಗೈರು?"

ಅವಳು ತನ್ನ ಲೋಟದ ಅಂಚನ್ನು ಉಗುರಿನಿಂದ ಮಡಿಸತೊಡಗಿದಳು. ಅವರಿಗೆ ಅದೇ ಉತ್ತರವಾಯಿತು. "ಅದಕ್ಯಾಕೆ ಇಷ್ಟು ಕೊರಗ್ತೀಯಮ್ಮ? ಕಾಮಾಲೆ ಹಾಕು. ಕಕ್ಷಿದಾರರಿಗೆ ಕಾಮಾಲೆ ಆಗಿತ್ತು, ನಾಟಿ ಔಷಧಿ ಕುಡೀತಾ ಮಲಗಿದ್ರು, ಅದಕ್ಕೆ ವಕೀಲರನ್ನ ಕಾಣಕ್ಕಾಗ್ಲಿಲ್ಲ. ನಾಟಿ ಔಷಧಿಗೆ ಚೀಟಿ ಗೀಟಿ ಇರಲ್ಲ ನೋಡು. ನಾನು ಈ ಕೈಯಲ್ಲಿ ಎಷ್ಟು ಜನಕ್ಕೆ ಕಾಮಾಲೆ ತರಿಸಿದೀನೋ, ಲೆಕ್ಕ ಇಲ್ಲ. ಆಯಮ್ಮಂಗೆ ಸಹಿ ಬರುತ್ತಾ?"

"ಹೆಬ್ಬೆಟ್ಟು."

"ಇನ್ನೇನು ಮತ್ತೆ. ಒತ್ತಿಸ್ಕೋ. ಓದಿ ಗೀದಿ ಹೇಳೋಕ್ ಹೋಗ್ಬೇಡ, ಗಾಬರಿ ಬೀಳ್ತಾರೆ."

ಅವರ ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ಬಿದ್ದ ಮಗುವಿನ ಮೊಣಕಾಲಿನ ಮಣ್ಣು ಒರೆಸುವವರ ದನಿಯಲ್ಲೇ ಹೇಳಿದ್ದರು. ಅದರಿಂದಲೇ ಅವಳಿಗೆ ಇನ್ನಷ್ಟು ಆಯಾಸವಾಯಿತು. ಕಂಬಕ್ಕೆ ಒರಗಿ ನಿಂತಳು. ಕಾಮಾಲೆ. ಎಷ್ಟು ಸುಲಭ. ಆಂಜಿನಮ್ಮ ಹೆಬ್ಬೆಟ್ಟು ಒತ್ತುತ್ತಾಳೆ, ಯಾಕೆ ಎಂದು ಕೂಡ ಕೇಳುವುದಿಲ್ಲ. ಕೇಸು ಮತ್ತೆ ಬರಬಹುದು. ತೋಟ ಉಳಿದರೆ ಆ ಹೆಂಗಸಿಗೆ ಸತ್ಯದಿಂದ ಆಗಬೇಕಾದದ್ದೇನು? ಸತ್ಯ ಬೇಕಾಗಿರುವುದು ಆಂಜಿನಮ್ಮನಿಗೋ, ತನ್ನ ರಾತ್ರಿಗಳಿಗೋ? ತನ್ನ ನಿದ್ದೆಗಾಗಿ ಅವಳ ತೋಟವನ್ನು ಪಣಕ್ಕಿಡುತ್ತಿದ್ದೇನೆಯೇ? ಈ ಪ್ರಶ್ನೆ ಇಷ್ಟು ದಿನ ಅವಳನ್ನು ಕಟ್ಟಿಹಾಕಿತ್ತು. ಬಹಳ ಮರ್ಯಾದಸ್ಥ ಪ್ರಶ್ನೆ, ಇದರ ನೆರಳಲ್ಲಿ ಎಷ್ಟು ದಿನ ಬೇಕಾದರೂ ಕೂರಬಹುದಿತ್ತು. ಆದರೆ ಇವತ್ತು ಆ ಕಟ್ಟೆ ಕಣ್ಣ ಮುಂದೆ ಬಂತು. ಕಟ್ಟೆಯ ಮೇಲೆ ಬೀಡಿ ಸೇದುತ್ತಾ, ಮರದ ಕೆಳಗೆ ಕೂತ ತಂಗಿಯನ್ನೇ ನೋಡುತ್ತಿದ್ದ ಮುನಿವೆಂಕಟಪ್ಪ. ಅವನು ನೋಡಿದ್ದಾನೆ. ಅವನ ಜೊತೆಗಿದ್ದವರೆಲ್ಲ ನೋಡಿದ್ದಾರೆ. ಮಲಗಿದ್ದೆ ಎಂದು ಕಾಗದ ಹೇಳಿದರೆ, ಕೂತಿದ್ದಳು ಎಂದು ಅವರೆಲ್ಲ ಹೇಳುತ್ತಾರೆ. ಆಗ ಕಟಕಟೆಯಲ್ಲಿ ನಿಲ್ಲಬೇಕಾದವಳು ಆಂಜಿನಮ್ಮ. ಯಾವ ಡಾಕ್ಟರು, ಯಾವ ಔಷಧಿ, ಮತ್ತೆ ಮರದ ಕೆಳಗೆ ಕೂತಿದ್ದವರು ಯಾರಮ್ಮ ಎಂದು ನಯವಾಗಿ ಕೇಳುತ್ತಾರೆ. ಅವಳು ತನ್ನ ಲಾಯರಮ್ಮನ ಮುಖ ನೋಡುತ್ತಾಳೆ, ಬಾಯಿ ಬಿಡಲೋ ಬೇಡವೋ ಎಂದು. ಹೆಬ್ಬೆಟ್ಟಿನ ಅಡಿ ಇರುವ ಸುಳ್ಳು ಅವಳದಾಗುತ್ತದೆ, ತೋಟವೂ ಹೋಗುತ್ತದೆ.

"ಆಗಲ್ಲ ಸರ್," ಎಂದಳು.

"ಏನಾಗಲ್ಲ?"

"ಕಾಮಾಲೆ. ಆಯಮ್ಮ ಅವತ್ತು ಬಂದಿದ್ರು ಸರ್. ಬರದೆ ಇದ್ದೋಳು ನಾನು. ಹಂಗಂತ ನಾನೇ ಬರ್ಕೊಡ್ತೀನಿ."

ದಕ್ಷಿಣಾಮೂರ್ತಿಗಳು ಲೋಟ ಕೆಳಗಿಳಿಸಿದರು. "ಬರ್ಕೊಟ್ಟು? ನಾಳೆ ಅದನ್ನೇ ಹಿಡ್ಕೊಂಡು ನಿನ್ನ ಮೇಲೆ ದೂರು ಹಾಕಿದ್ರೆ? ಹುಚ್ಚು ಹುಡುಗಿ. ಹೆಂಗಸಾಗಿ ಇಷ್ಟು ದೂರ ಬಂದಿದೀಯ, ಅದೂ ನಿಮ್ಮ..." ಎಂದವರು ಉಳಿದ ಮಾತನ್ನು ಚಹಾದ ಜೊತೆ ನುಂಗಿದರು. ನುಂಗಿದ್ದೇನೆಂದು ಇಬ್ಬರಿಗೂ ಗೊತ್ತಿತ್ತು. "ಸರಿ, ಊಟ ಮಾಡ್ಕೊಂಡು ಹೋಗು. ಮಧ್ಯಾಹ್ನದ್ದು ನಾನೇ ಮಾತಾಡೋದು, ವೃತ್ತಿ ನೀತಿ ಬಗ್ಗೆ."

ಅವಳು ಊಟಕ್ಕೆ ನಿಲ್ಲಲಿಲ್ಲ. ಫೋಟೊಗೂ ನಿಲ್ಲಲಿಲ್ಲ. ಬಿಸಿಲಿನಲ್ಲಿ ಕರಿಕೋಟು ಹಾಕಿಕೊಂಡೇ ಅಂಚೆ ಕಚೇರಿಯ ತನಕ ನಡೆದಳು. ಬಿಚ್ಚಿ ತೋಳಿನ ಮೇಲೆ ಹಾಕಿಕೊಳ್ಳಬಹುದೆಂದು ಹೊಳೆದಾಗ ಕಚೇರಿ ಬಂದಿತ್ತು. ಒಳಗೆ ಫ್ಯಾನು ತಿರುಗುತ್ತಿತ್ತು, ಮುಂದೆ ಒಂದಿಬ್ಬರಿದ್ದರು. ಸರದಿ ಬಂದಾಗ ಕಿಂಡಿಯ ಹಿಂದಿನ ಹೆಂಗಸು ಲಕೋಟೆಯನ್ನು ತಿರುಗಿಸಿ ನೋಡಿ, "ಏನ್ ಮೇಡಂ, ಇಷ್ಟು ಹಳೇದಾಗಿದೆ ಕವರ್ರು," ಎಂದಳು.

"ರಿಜಿಸ್ಟರ್ ಮಾಡ್ಬೇಕಿತ್ತು."

"ರಿಜಿಸ್ಟರ್ ಈಗಿಲ್ಲ, ಎಲ್ಲ ಸ್ಪೀಡ್ ಪೋಸ್ಟೇ. ತಲುಪೋರ ಮೊಬೈಲ್ ನಂಬರ್ ಬರ್ದಿಲ್ವಲ್ಲ. ಬರ್ಕೊಂಡು ಬನ್ನಿ, ಪಕ್ಕಕ್ಕೆ ಹೋಗಿ."

ಪಕ್ಕದ ಮೇಜಿನ ಬಳಿ ನಿಂತು ನಂಬರಿಗಾಗಿ ಫೋನು ತೆಗೆದಳು. ನಂಬರನ್ನು ನೋಡುತ್ತಾ ನಿಂತವಳು ಅದನ್ನೇ ಒತ್ತಿಬಿಟ್ಟಳು. ಆ ಕಡೆ ತೋಟದಲ್ಲೆಲ್ಲೋ ಗಾಳಿಯ ಸದ್ದು, ಸೊಪ್ಪು ಬಿಡಿಸುವ ಹೆಂಗಸರ ಮಾತು.

"ಆಂಜಿನಮ್ಮ, ನಿಮಗೊಂದು ಕಾಗದ ಬರುತ್ತೆ."

"ಯಾರ್ದಮ್ಮ? ಬ್ಯಾಂಕಿಂದಾ?"

"ನಂದು."

"ನಿಮ್ದಾ?" ಆಂಜಿನಮ್ಮ ನಕ್ಕಳು. "ನೋಡೇ, ನಮ್ಮ ಲಾಯರಮ್ಮ ನಂಗೆ ಕಾಗ್ದ ಬರ್ದವ್ರಂತೆ," ಎಂದು ಪಕ್ಕದಲ್ಲಿ ಯಾರಿಗೋ ಹೇಳಿದಳು. ಆಮೇಲೆ ಫೋನಿಗೆ, "ಅಲ್ಲ ಕಣಮ್ಮ, ಎದುರಿಗೇ ಸಿಗ್ತೀನಲ್ಲ, ಬಾಯಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವಾ?"

ಜ್ಯೋತಿಲಕ್ಷ್ಮಿ ಬಾಯಿ ತೆರೆದಳು. ವಾಯಿದೆ ಹೇಳಿ ಹೇಳಿ ರೂಢಿಯಾದ ಬಾಯಿ, ಅದರಿಂದ ಈಗಲೂ ಬೇರೆಯ ಮಾತು ಹೊರಡಲಿಲ್ಲ. ಆದರೆ ಬರೆದದ್ದನ್ನು ಓದುವುದು ಆ ಬಾಯಿಗೆ ಗೊತ್ತಿತ್ತು. ಎಷ್ಟು ಕಷ್ಟದ್ದಿದ್ದರೂ, ಎದುರಿಗೆ ಯಾರಿದ್ದರೂ, ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದುವುದೊಂದು ಗೊತ್ತಿತ್ತು.

"ಆಗ್ಲಿಲ್ಲ ಆಂಜಿನಮ್ಮ. ಅದಕ್ಕೇ ಬರ್ದಿದೀನಿ."

ಆ ಕಡೆ ಸೊಪ್ಪು ಮುರಿಯುವ ಸದ್ದು ನಿಂತಿತು. "ಅಣ್ಣ ನಕ್ಕಿದ್ದು ಅದಕ್ಕೇನಾ?" ಎಂದಳು ಆಂಜಿನಮ್ಮ, ಬೇರೆಯೇ ದನಿಯಲ್ಲಿ.

"ಹೂಂ."

"ಬರ್ಲಿ ಬಿಡಿ. ಒಡಿಯಲ್ಲ. ಗುರುವಾರ ತರ್ತೀನಿ. ನೀವೇ ಓದಿ ಹೇಳಿ."

"ತನ್ನಿ. ನಾನೇ ಓದ್ತೀನಿ. ಪೂರ್ತಿ ಓದ್ತೀನಿ."

ಫೋನು ಇಟ್ಟು, ಅರಿಶಿನದ ಕಲೆಯ ಪಕ್ಕದಲ್ಲಿ ಆಂಜಿನಮ್ಮನ ನಂಬರನ್ನು ಬರೆದಳು. ಕೈ ಬೆವರಿ ಪೆನ್ನು ಜಾರುತ್ತಿತ್ತು, ಎದೆಯಲ್ಲಿ ಮತ್ತೆ ಬಟ್ಟೆ ಒಗೆಯುವ ಸದ್ದು ಶುರುವಾಗಿತ್ತು. ಅದು ಹೊಡೆದುಕೊಳ್ಳುತ್ತಿದ್ದಂತೆಯೇ ಕಾಲು ಕಿಂಡಿಯ ತನಕ ಹೋಯಿತು. ಹೆಂಗಸು ಲಕೋಟೆಯನ್ನು ತೂಗಿ, ಚೀಟಿ ಅಂಟಿಸಿ, ಹೋಗುವ ಕಡೆಯ ಊರಿನ ಹೆಸರನ್ನು ಒಮ್ಮೆ ಬಾಯಲ್ಲೇ ಓದಿಕೊಂಡು, ಹಿಂದಿನ ಚೀಲದೊಳಕ್ಕೆ ಎಸೆದಳು.